ಮಗಳು ದೊಡ್ಡವಳಾಗುವ ಮೊದಲೇ ಹೇಳಿಬಿಡಿ

ಮಗಳಿಗೆ ಎಂಟು ವರ್ಷ ತುಂಬಿತಾ? ಹಾಗಾದರೆ ಮೈಯ ಬದಲಾವಣೆಯ ಬಗ್ಗೆ, ಮುಟ್ಟಿನ ಬಗ್ಗೆ ಮಾತು ಶುರು ಮಾಡುವ ಹೊತ್ತಾಯಿತು. "ಅವಳಿನ್ನೂ ಮಗು, ಸಮಯ ಬಂದಾಗ ಹೇಳಿದರಾಯಿತು" ಅಂತ ನಮ್ಮ ಕಡೆ ಹೆಚ್ಚಿನ ಅಮ್ಮಂದಿರು ಹೇಳುತ್ತಾರೆ. ಆ ಸಮಯ ಯಾವತ್ತು ಬರುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ ಅಲ್ವಾ? ಹೆಣ್ಣುಮಕ್ಕಳ ಮೈಯಲ್ಲಿ ಬದಲಾವಣೆ ಶುರುವಾಗುವುದು 8ರಿಂದ 13 ವರ್ಷದ ಒಳಗೆ. ಅಂದರೆ ಒಬ್ಬಳಿಗೆ ಮೂರನೇ ಕ್ಲಾಸಿನಲ್ಲೇ ಆಗಬಹುದು, ಅವಳ ಪಕ್ಕದ ಮನೆಯವಳಿಗೆ ಎಂಟನೇ ಕ್ಲಾಸಿನಲ್ಲಿ ಆಗಬಹುದು. ಏನೂ ಗೊತ್ತಿಲ್ಲದ ಮಗು ಶಾಲೆಯ ಶೌಚಾಲಯದಲ್ಲಿ ಚಡ್ಡಿಯ ಮೇಲೆ ರಕ್ತ ನೋಡಿದರೆ ಏನು ಅಂದುಕೊಳ್ಳುತ್ತದೆ? ಎಲ್ಲೋ ಗಾಯ ಆಗಿದೆ, ಇಲ್ಲದಿದ್ದರೆ ದೊಡ್ಡ ಕಾಯಿಲೆ ಬಂದಿದೆ ಅಂತ. ಈ ಹೆದರಿಕೆ ಒಂದು ಮಗುವಿಗೂ ಬೇಡ. ಅದನ್ನು ತಪ್ಪಿಸಲು ದುಡ್ಡು ಬೇಕಾಗಿಲ್ಲ, ನಾವು ಬಾಯಿ ಬಿಟ್ಟರೆ ಸಾಕು.

ನಾನು ಬದಿಯಡ್ಕದ ಕಡೆಯವಳು, ಕನ್ನಡ ಮಾಧ್ಯಮದ ಮಕ್ಕಳಿಗೆ ವರ್ಷಗಟ್ಟಲೆ ಪಾಠ ಮಾಡಿದವಳು. ನಮ್ಮ ಕಾಸರಗೋಡಿನ ಮಕ್ಕಳಿಗೆ ಒಂದು ತೊಂದರೆ ಜಾಸ್ತಿ. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಬ್ಯಾರಿಯೋ ಮಾತಾಡುತ್ತಾರೆ, ಶಾಲೆಯಲ್ಲಿ ಕನ್ನಡ ಕಲಿಯುತ್ತಾರೆ, ಆರೋಗ್ಯದ ಕ್ಲಾಸಿಗೆ ಬರುವ ಸಿಸ್ಟರ್ ಹೆಚ್ಚಾಗಿ ಮಲಯಾಳದಲ್ಲಿ ಹೇಳುತ್ತಾರೆ. ಮಕ್ಕಳು ತಲೆ ಅಲ್ಲಾಡಿಸುತ್ತಾರೆ, ಚೀಟಿ ತೆಗೆದುಕೊಂಡು ಬರುತ್ತಾರೆ, ಅರ್ಧ ಅರ್ಥವಾಗಿರುವುದಿಲ್ಲ. ಎಲ್ಲರೆದುರು ಕೇಳಲು ನಾಚಿಕೆ ಬೇರೆ. ಹಾಗಾಗಿ ಶಾಲೆಯಲ್ಲಿ ಹೇಳಿಕೊಡುತ್ತಾರೆ ಅಂತ ಕಾಯಬೇಡಿ. ಮನೆಯಲ್ಲಿ, ಮನೆಯ ಭಾಷೆಯಲ್ಲಿ, ನೀವೇ ಹೇಳಿ.

ಮೊದಲ ಮಾತು ಹೇಗೆ

ಒಂದು ದಿನ ಕೂರಿಸಿಕೊಂಡು ಎಲ್ಲವನ್ನೂ ಹೇಳಿ ಮುಗಿಸುವ ಪ್ಲಾನ್ ಬೇಡ. ಅವಳಿಗೂ ಮುಜುಗರ, ನಿಮಗೂ ಮುಜುಗರ. ಅಲಸಂಡೆ ಮುರಿಯುವಾಗ, ತಲೆ ಬಾಚುವಾಗ, ಬಸ್‌ಸ್ಟಾಪಿಗೆ ನಡೆಯುವಾಗ ಐದು ನಿಮಿಷ ಸಾಕು. ಕೈಯಲ್ಲಿ ಏನಾದರೂ ಕೆಲಸ ಇದ್ದರೆ ಮುಖ ನೋಡದೆ ಮಾತಾಡಬಹುದು, ಅದು ಇಬ್ಬರಿಗೂ ಸುಲಭ. ಇವತ್ತು ಒಂದು ವಿಷಯ, ಮುಂದಿನ ವಾರ ಇನ್ನೊಂದು.

ಶುರು ಮಾಡಲು ದಾರಿ ಬೇಕಿದ್ದರೆ ಅವಳಿಗೆ ಆಗಲೇ ಏನು ಗೊತ್ತಿದೆ ಅಂತ ಕೇಳಿ. "ಅಕ್ಕ ಅಂಗಡಿಯಿಂದ ಪೇಪರಿನಲ್ಲಿ ಸುತ್ತಿಸಿಕೊಂಡು ತರ್ತಾಳಲ್ಲ, ಅದು ಏನು ಅಂತ ಗೊತ್ತುಂಟಾ ನಿಂಗೆ?" ಅವಳು ಏನೋ ಹೇಳುತ್ತಾಳೆ. ತಪ್ಪಾಗಿದ್ದರೆ ನಗಬೇಡಿ. ಒಂದು ಸಲ ನಕ್ಕರೆ ಅವಳು ಇನ್ನೊಂದು ಸಲ ನಿಮ್ಮ ಹತ್ತಿರ ಕೇಳುವುದಿಲ್ಲ, ಗೆಳತಿಯರ ಹತ್ತಿರ ಕೇಳುತ್ತಾಳೆ, ಇಲ್ಲವೇ ಮೊಬೈಲಿನಲ್ಲಿ ಹುಡುಕುತ್ತಾಳೆ.

ಅಂಗಗಳಿಗೆ ಹೆಸರು ಹೇಳಿ. ಎದೆ, ಯೋನಿ, ಗರ್ಭಕೋಶ, ಅಂಡಾಶಯ. "ಅಲ್ಲಿ", "ಕೆಳಗೆ", "ನಾಚಿಕೆ ಜಾಗ" ಅಂತ ಹೇಳಿ ಬೆಳೆಸಿದರೆ ನಾಳೆ ಅಲ್ಲಿ ನೋವಾದರೂ ಉರಿಯಾದರೂ, ಯಾರಾದರೂ ಕೈ ಹಾಕಿದರೂ ಹೇಳಲು ಅವಳಿಗೆ ಮಾತೇ ಇರುವುದಿಲ್ಲ. ಮೂತ್ರ ಹೋಗುವ ದಾರಿ ಬೇರೆ, ಮುಟ್ಟಿನ ರಕ್ತ ಬರುವ ದಾರಿ ಬೇರೆ ಅಂತಲೂ ಹೇಳಿ. ದೊಡ್ಡ ಹೆಂಗಸರಿಗೂ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ಮೈಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ

ಹೆಚ್ಚಿನ ಮಕ್ಕಳಲ್ಲಿ ಮೊದಲು ಕಾಣುವುದು ಎದೆಯ ಬದಲಾವಣೆ. ಮೊಲೆತೊಟ್ಟಿನ ಅಡಿಯಲ್ಲಿ ಸಣ್ಣ ಗಟ್ಟಿ ಗಂಟು ಬರುತ್ತದೆ, ಮುಟ್ಟಿದರೆ ನೋಯುತ್ತದೆ. ಎಷ್ಟೋ ಸಲ ಒಂದೇ ಕಡೆ ಬರುತ್ತದೆ, ಇನ್ನೊಂದು ಕಡೆ ಬರಲು ಕೆಲವು ತಿಂಗಳು ಬೇಕಾಗುತ್ತದೆ. ಇಲ್ಲೇ ಮಕ್ಕಳು ಹೆದರುವುದು. ಆರನೇ ಕ್ಲಾಸಿನ ಒಬ್ಬಳು ಮಧ್ಯಾಹ್ನದ ಊಟದ ನಂತರ ನನ್ನ ಮೇಜಿನ ಹತ್ತಿರ ಬಂದು ಸುಮ್ನೆ ನಿಂತಿದ್ದಳು. ಏನು ಅಂತ ಕೇಳಿದರೆ ಇಲ್ಲ ಅಂತಾಳೆ, ಹೋಗುವುದೂ ಇಲ್ಲ. ಉಳಿದ ಮಕ್ಕಳು ಆಟಕ್ಕೆ ಹೋದ ಮೇಲೆ ಮೆಲ್ಲ ಹೇಳಿದಳು, "ಟೀಚರೇ, ಎಡದ ಬದಿಯಲ್ಲಿ ಒಂದು ಗಂಟು ಉಂಟು. ನನ್ನ ಅಜ್ಜಿಗೂ ಹಾಗೇ ಇತ್ತು. ಅವರು ತೀರಿಹೋದರು." ಅಜ್ಜಿಗೆ ಇದ್ದದ್ದು ಕ್ಯಾನ್ಸರ್. ಎಷ್ಟು ದಿನದಿಂದ ಈ ಯೋಚನೆ ಹೊತ್ತುಕೊಂಡು ಶಾಲೆಗೆ ಬರುತ್ತಿದ್ದಳೋ. "ಇದು ಕಾಯಿಲೆ ಅಲ್ಲ ಮಗಾ, ನೀನು ಬೆಳೆಯುತ್ತಾ ಇದ್ದಿ, ಇನ್ನೊಂದು ಬದಿಯಲ್ಲೂ ಬರ್ತದೆ" ಅಂತ ಹೇಳಿದ್ದೇ ಅವಳು ಅತ್ತುಬಿಟ್ಟಳು. ಈ ಒಂದು ವಾಕ್ಯವನ್ನು ಮನೆಯಲ್ಲಿ ಯಾರಾದರೂ ಮೊದಲೇ ಹೇಳಬಹುದಿತ್ತು.

ಎದೆಯ ನಂತರ, ಕೆಲವರಿಗೆ ಅದಕ್ಕೂ ಮೊದಲು, ಯೋನಿಯ ಸುತ್ತ ಮತ್ತು ಕಂಕುಳಲ್ಲಿ ಕೂದಲು ಬರುತ್ತದೆ. ಬೆವರಿನ ವಾಸನೆ ಬದಲಾಗುತ್ತದೆ, ದಿನಾ ಸೋಪು ಹಾಕಿ ಸ್ನಾನ, ಒಣಗಿದ ಹತ್ತಿಯ ಒಳಉಡುಪು, ಇಷ್ಟು ಸಾಕು. ಮೊಡವೆಗೆ ದಿನಕ್ಕೆ ಎರಡು ಸಲ ಮುಖ ತೊಳೆಯಲಿ, ಚಿವುಟಬಾರದು. ಪೇಟೆಯಲ್ಲಿ ಸಿಗುವ ಬಿಳಿ ಮಾಡುವ ಕ್ರೀಮು ಖಂಡಿತ ಬೇಡ. ಎತ್ತರ ಒಮ್ಮೆಲೇ ಏರುತ್ತದೆ, ಜೂನಿನಲ್ಲಿ ಹೊಲಿಸಿದ ಯೂನಿಫಾರ್ಮ್ ಡಿಸೆಂಬರಿಗೆ ಗಿಡ್ಡ ಆಗುತ್ತದೆ. ಸೊಂಟ, ತೊಡೆ ತುಂಬಿಕೊಳ್ಳುತ್ತವೆ. ಈ ಹೊತ್ತಿನಲ್ಲಿ "ದಪ್ಪ ಆಗಿದ್ದೀಯಲ್ಲೇ" ಅಂತ ನೆಂಟರ ಎದುರು ಹೇಳುವವರನ್ನು ದಯವಿಟ್ಟು ಅಲ್ಲೇ ತಡೆಯಿರಿ. ಊಟ ಬಿಡುವ ಹುಡುಗಿಯರು ಶುರು ಮಾಡುವುದು ಹೀಗೇ.

ಇನ್ನೊಂದು, ಬಿಳಿ ಸೆರಗು. ಮೊದಲ ಮುಟ್ಟಿಗೆ ಆರು ತಿಂಗಳಿಂದ ಒಂದು ವರ್ಷ ಮೊದಲೇ ಚಡ್ಡಿಯಲ್ಲಿ ಬಿಳಿಯ ಅಥವಾ ತಿಳಿ ಹಳದಿಯ ಕಲೆ ಕಾಣಬಹುದು. ಇದು ಸಹಜ. "ಮೈಯ ಶಕ್ತಿ ಸೋರಿಹೋಗುತ್ತದೆ" ಅನ್ನುವುದು ಸುಳ್ಳು. ಕೆಟ್ಟ ವಾಸನೆ, ತುರಿಕೆ, ಉರಿ, ಮೊಸರಿನ ಹಾಗೆ ಗಟ್ಟಿಯಾಗಿ ಹೋಗುವುದು, ಹಸಿರು ಬಣ್ಣ, ಇವುಗಳಲ್ಲಿ ಏನಾದರೂ ಇದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ.

ಸಾಮಾನ್ಯವಾಗಿ ಎದೆಯ ಗಂಟು ಕಂಡು ಎರಡು, ಎರಡೂವರೆ ವರ್ಷಕ್ಕೆ ಮೊದಲ ಮುಟ್ಟು ಬರುತ್ತದೆ. ಈ ಲೆಕ್ಕ ತಾಯಂದಿರಿಗೆ ತುಂಬ ಉಪಯೋಗ. ಗಂಟು ಕಂಡ ದಿನದಿಂದ ನಿಮಗೆ ತಯಾರಾಗಲು ಸಮಯ ಇದೆ, ಬಿಳಿ ಸೆರಗು ಕಂಡರೆ ಇನ್ನು ಹೆಚ್ಚು ದಿನ ಇಲ್ಲ ಅಂತ ತಿಳಿಯಿರಿ.

ಮುಟ್ಟು ಅಂದರೆ ಏನು ಅಂತ ಹೇಳುವುದು

ಹತ್ತು ವರ್ಷದ ಮಗುವಿಗೆ ಹೀಗೆ ಹೇಳಿದರೆ ಅರ್ಥವಾಗುತ್ತದೆ: "ಹೊಕ್ಕಳಿನ ಕೆಳಗೆ, ಹೊಟ್ಟೆಯ ಒಳಗೆ ಒಂದು ಸಣ್ಣ ಚೀಲ ಉಂಟು, ಗರ್ಭಕೋಶ ಅಂತ. ನೀನು ಹುಟ್ಟುವ ಮೊದಲು ನನ್ನ ಹೊಟ್ಟೆಯಲ್ಲಿ ಅಲ್ಲೇ ಇದ್ದಿ. ಅದರ ಎರಡು ಬದಿಯಲ್ಲಿ ಎರಡು ಅಂಡಾಶಯ ಉಂಟು. ನೀನು ದೊಡ್ಡವಳಾಗುವಾಗ ಮೆದುಳು ಅವಕ್ಕೆ ಕೆಲಸ ಶುರು ಮಾಡಿ ಅಂತ ಹೇಳ್ತದೆ. ಆಗ ತಿಂಗಳಿಗೆ ಒಂದು ಸಣ್ಣ ಅಂಡ ಹೊರಗೆ ಬರ್ತದೆ, ಗರ್ಭಕೋಶದ ಒಳಗೋಡೆ ರಕ್ತ ತುಂಬಿ ಮೆತ್ತಗಾಗ್ತದೆ. ಮಗು ಬೆಳೆಯಲಿಕ್ಕೆ ಇಲ್ಲದಿದ್ದರೆ ಆ ಪದರ ಬೇಡ ಅಲ್ವಾ, ಅದು ಕರಗಿ ಯೋನಿಯಿಂದ ಹೊರಗೆ ಹೋಗ್ತದೆ. ಅದೇ ಮುಟ್ಟು." ಮಗು ಹೇಗೆ ಆಗುತ್ತದೆ ಅಂತ ಅವಳು ಕೇಳಿದರೆ, ಕೇಳಿದಷ್ಟಕ್ಕೆ ನಿಜ ಹೇಳಿ. ಕೇಳದೇ ಇದ್ದರೆ ಇನ್ನೊಂದು ದಿನಕ್ಕೆ ಇರಲಿ.

ಹೋಗುವುದು ಕೆಟ್ಟ ರಕ್ತ ಅಲ್ಲ. ಮೈಯ ಕೊಳೆಯೂ ಅಲ್ಲ. ಇದನ್ನು ಒತ್ತಿ ಹೇಳಿ, ಯಾಕೆಂದರೆ ಉಳಿದವರು ಅವಳಿಗೆ ಬೇರೆಯೇ ಹೇಳುತ್ತಾರೆ. ಒಟ್ಟು ಹೋಗುವ ರಕ್ತ ಹೆಚ್ಚಿನವರಿಗೆ ಎರಡು ಮೂರು ದೊಡ್ಡ ಚಮಚದಷ್ಟು, ಎರಡರಿಂದ ಏಳು ದಿನ. ಮೊದಲ ಸಲ ಕೆಂಪಾಗಿ ಇರಬೇಕೆಂದೇನೂ ಇಲ್ಲ, ಕಂದು ಬಣ್ಣದ ಕಲೆ ಮಾತ್ರ ಇರಬಹುದು. ಎಷ್ಟೋ ಮಕ್ಕಳು ಅದನ್ನು ಮುಟ್ಟು ಅಂತ ಗುರುತಿಸದೆ ಚಡ್ಡಿಯನ್ನು ಅಡಗಿಸಿ ಇಡುತ್ತಾರೆ.

ತಿಂಗಳು ತಿಂಗಳು ಸರಿಯಾಗಿ ಬರುತ್ತದೆ ಅಂತ ಹೇಳಬೇಡಿ. ಮೊದಲ ಎರಡು ಮೂರು ವರ್ಷ 21 ದಿನಕ್ಕೂ ಬರಬಹುದು, 45 ದಿನಕ್ಕೂ ಬರಬಹುದು. ಗೋಡೆಯ ಕ್ಯಾಲೆಂಡರಿನಲ್ಲಿ ಶುರುವಾದ ದಿನಕ್ಕೆ ಒಂದು ಚುಕ್ಕಿ ಹಾಕುವುದನ್ನು ಅವಳಿಗೇ ಕಲಿಸಿ.

ಕೈಯಲ್ಲಿ ಹಿಡಿದು ತೋರಿಸಿ

ಒಂದು ಪ್ಯಾಡ್ ತೆಗೆದು ಅವಳ ಕೈಗೆ ಕೊಡಿ. ಬಿಡಿಸಲಿ, ಅಂಟು ಇರುವ ಬದಿ ಯಾವುದು ನೋಡಲಿ, ಚಡ್ಡಿಗೆ ಅಂಟಿಸಲಿ. ಅಂಟು ಬಟ್ಟೆಗೆ, ಹತ್ತಿಯ ಬದಿ ಮೈಗೆ. ಆಮೇಲೆ ಒಂದು ಲೋಟದಲ್ಲಿ ಪುನರ್ಪುಳಿ ಸಾರು ತೆಗೆದುಕೊಂಡು ಚಮಚದಲ್ಲಿ ಪ್ಯಾಡಿನ ಮೇಲೆ ಹಾಕಿ ತೋರಿಸಿ. ಒಂದು ಚಮಚ ಹಾಕಿದಾಗ ಎಷ್ಟು ಹರಡುತ್ತದೆ, ಎರಡಕ್ಕೆ ಎಷ್ಟು, ಬದಲಿಸಬೇಕಾದ ಪ್ಯಾಡ್ ಹೇಗೆ ಕಾಣುತ್ತದೆ. ಬಣ್ಣವೂ ಸುಮಾರು ಹಾಗೇ ಇರುತ್ತದೆ. ಮಕ್ಕಳು ಇದನ್ನು ಮರೆಯುವುದಿಲ್ಲ, ಹೆದರಿಕೆಯೂ ಅರ್ಧ ಹೋಗುತ್ತದೆ. ನಂತರ ಅದನ್ನು ಸುತ್ತಿ, ಪೇಪರಿನಲ್ಲಿ ಮಡಚಿ ಎಸೆಯುವುದನ್ನೂ ಅವಳ ಕೈಯಲ್ಲೇ ಮಾಡಿಸಿ.

ಕಮ್ಮಿ ಹೋಗುತ್ತಿದ್ದರೂ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೋಗಿ ಸಂಜೆ ಐದಕ್ಕೆ ಬರುವ ಮಗು ಶಾಲೆಯಲ್ಲಿ ಒಮ್ಮೆಯಾದರೂ ಬದಲಿಸಲೇಬೇಕು ಅಂತ ಆಯಿತು. ಶಾಲೆಯ ಶೌಚಾಲಯದಲ್ಲಿ ನೀರು, ಬಾಗಿಲಿಗೆ ಚಿಲಕ, ಮುಚ್ಚಳದ ಬುಟ್ಟಿ ಇದೆಯಾ ಅಂತ ಪಿಟಿಎ ಮೀಟಿಂಗಿನಲ್ಲಿ ಕೇಳಿ. ಗಂಡಸರು ಇದ್ದಾರೆ ಅಂತ ಸುಮ್ಮನಿರಬೇಡಿ, ಅವರ ಮಕ್ಕಳೂ ಅಲ್ಲೇ ಓದುತ್ತಿದ್ದಾರೆ.

ಒಂದು ಹಳೆಯ ಪೆನ್ಸಿಲ್ ಪೌಚಿನಲ್ಲಿ ಎರಡು ಪ್ಯಾಡ್, ಒಂದು ಚಡ್ಡಿ, ಸ್ವಲ್ಪ ಪೇಪರ್, ಒಂದು ಪ್ಲಾಸ್ಟಿಕ್ ತೊಟ್ಟೆ ಹಾಕಿ ಒಂಬತ್ತು ಹತ್ತು ವರ್ಷದಿಂದಲೇ ಬ್ಯಾಗಿನಲ್ಲಿ ಇಡಿ. ಬೇಕಾದಾಗ ಯಾರಿಗೆ ಹೇಳಬೇಕು ಅಂತ ಒಬ್ಬ ಟೀಚರ್ ಹೆಸರನ್ನು ಅವಳೇ ಆರಿಸಲಿ.

ಜನೌಷಧಿ ಅಂಗಡಿಯಲ್ಲಿ ಸುವಿಧಾ ಪ್ಯಾಡ್ ಒಂದಕ್ಕೆ 1 ರೂಪಾಯಿ. ಪ್ಯಾಡೇ ಆಗಬೇಕು ಅಂತಿಲ್ಲ, ಬಟ್ಟೆಯೂ ಒಳ್ಳೆಯದೇ, ಆದರೆ ಒಣಗಿಸುವುದು ಸರಿ ಇರಬೇಕು. ತಣ್ಣೀರಿನಲ್ಲಿ ರಕ್ತ ಬಿಡಿಸಿ, ಸೋಪು ಹಾಕಿ ತೊಳೆದು, ಬಿಸಿಲಿಗೆ ಹಾಕಬೇಕು. ನಮ್ಮಲ್ಲಿ ಕಷ್ಟ ಇರುವುದು ಇಲ್ಲೇ. ಜೂನ್, ಜುಲೈಯಲ್ಲಿ ಬಿಸಿಲೇ ಇಲ್ಲ. ಯಾರ ಕಣ್ಣಿಗೂ ಬೀಳಬಾರದು ಅಂತ ಬಚ್ಚಲಿನ ಮೂಲೆಯಲ್ಲಿ, ಬೇರೆ ಬಟ್ಟೆಯ ಅಡಿಯಲ್ಲಿ ಹಾಕಿದ ತುಂಡು ಮೂರು ದಿನವಾದರೂ ತೇವ ಇರುತ್ತದೆ, ಮುಗ್ಗಲು ಹಿಡಿಯುತ್ತದೆ. ಅದನ್ನೇ ಕಟ್ಟಿಕೊಂಡರೆ ತುರಿಕೆ, ಸೋಂಕು ಆಗಬಹುದು. ಮಳೆಗಾಲದಲ್ಲಿ ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿ, ಅದು ಆಗದಿದ್ದರೆ ಆ ಮೂರು ತಿಂಗಳು ಪ್ಯಾಡ್ ಬಳಸಿ. ಬೇಸಿಗೆಯಲ್ಲಿ ಅಂಗಳದ ಹಗ್ಗದ ಮೇಲೆ ಉಳಿದ ಬಟ್ಟೆಯ ಜೊತೆಗೇ ಒಣಗಲಿ.

ಮುಟ್ಟಿನ ಕಪ್, ಅಂದರೆ ಯೋನಿಯ ಒಳಗೆ ಇಟ್ಟು ರಕ್ತ ಹಿಡಿಯುವ ಸಣ್ಣ ಬಟ್ಟಲು, ಇದರ ಬಗ್ಗೆ ಕೇರಳದಲ್ಲಿ ಈಗ ಎಲ್ಲ ಕಡೆ ಮಾತು ಇದೆ. ಸಿಲಿಕೋನಿನದ್ದು, ಕುದಿಸಿ ಬಳಸಬೇಕು, 12 ಗಂಟೆಯ ಒಳಗೆ ಖಾಲಿ ಮಾಡಬೇಕು, ಒಂದು ತೆಗೆದುಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ಚಿಕ್ಕವರೂ ಬಳಸಬಹುದು, ಹಾನಿ ಇಲ್ಲ. ಆದರೆ ತನ್ನ ಮೈಯ ಪರಿಚಯವೇ ಸರಿಯಾಗಿ ಇಲ್ಲದ ಮಗುವಿಗೆ ಒತ್ತಾಯ ಮಾಡಬೇಡಿ. ಅವಳಾಗಿ ಕೇಳುವ ದಿನ ಬರುತ್ತದೆ.

ಬಳಸಿದ ಪ್ಯಾಡ್ ತೋಡಿಗೆ, ಗೊಬ್ಬರದ ಗುಂಡಿಗೆ, ಕ್ಲೋಸೆಟ್ಟಿಗೆ ಹಾಕಬಾರದು. ಹರಿತ ಕರ್ಮ ಸೇನೆಯವರು ಮನೆಗೆ ಬಂದು ಒಯ್ಯುವುದು ತೊಳೆದು ಒಣಗಿಸಿದ ಪ್ಲಾಸ್ಟಿಕ್. ಆ ಚೀಲಕ್ಕೆ ಇದನ್ನು ತುರುಕಬೇಡಿ, ಬರಿಗೈಯಲ್ಲಿ ವಿಂಗಡಿಸುವವರೂ ಹೆಂಗಸರೇ. ನಿಮ್ಮ ವಾರ್ಡಿನಲ್ಲಿ ಏನು ವ್ಯವಸ್ಥೆ ಇದೆ ಅಂತ ಅವರನ್ನೇ ಕೇಳಿ.

ಮೊದಲ ದಿನ, ಮತ್ತು ಮನೆಯವರು

ಅವಳು ಬಂದು ಹೇಳಿದಾಗ ನಿಮ್ಮ ಮುಖ ಹೇಗಿರುತ್ತದೆ ಅನ್ನುವುದನ್ನು ಅವಳು ಮರೆಯುವುದಿಲ್ಲ. "ಅಯ್ಯೋ, ಇಷ್ಟು ಬೇಗ" ಅನ್ನಬೇಡಿ. ಹತ್ತಿರ ಕರೆದು, ನೋವುಂಟಾ ಅಂತ ಕೇಳಿ, ಬಿಸಿನೀರಿನ ಸ್ನಾನ ಮಾಡಿಸಿ, ಇಷ್ಟದ್ದು ಏನಾದರೂ ಮಾಡಿಕೊಡಿ. ಅಪ್ಪನಿಗೆ ಹೇಳಲಾ ಅಂತ ಅವಳನ್ನೇ ಕೇಳಿ.

ನಮ್ಮ ಕಡೆ ಕೆಲವು ಮನೆಗಳಲ್ಲಿ ಈಗಲೂ ಮೂರು ದಿನ ಹೊರಗೆ ಕೂರಿಸುತ್ತಾರೆ. ಅಡಿಗೆಮನೆಗೆ ಬರಬಾರದು, ಬಾವಿಯ ಹಗ್ಗ ಮುಟ್ಟಬಾರದು, ಜಗಲಿಯ ಚಾಪೆಯಲ್ಲಿ ಮಲಗಬೇಕು. ಹನ್ನೊಂದು ವರ್ಷದ ಮಗುವಿಗೆ ಇದರಿಂದ ಗೊತ್ತಾಗುವುದು ಒಂದೇ, ತಾನು ಏನೋ ತಪ್ಪು ಮಾಡಿದ್ದೇನೆ ಅಂತ. ಅಜ್ಜಿಯರ ಜೊತೆ ಜಗಳ ಮಾಡಿ ಇದು ಸರಿಹೋಗುವುದಿಲ್ಲ, ನಿಧಾನವಾಗಿ ಮಾತಾಡಬೇಕು. ನಾನು ಅವರಿಗೆ ನೆನಪಿಸುವುದು ಕೆಡ್ಡಸವನ್ನು. ಫೆಬ್ರವರಿಯ ಹೊತ್ತಿಗೆ ತುಳುನಾಡಿನಲ್ಲಿ ಭೂಮಿತಾಯಿ ಮುಟ್ಟಾಗುತ್ತಾಳೆ ಅಂತ ಮೂರು ದಿನ ನೆಲ ಅಗೆಯುವುದಿಲ್ಲ, ಉಳುವುದಿಲ್ಲ, ಕೊನೆಗೆ ಎಣ್ಣೆ, ಅರಶಿನ, ಕುಂಕುಮ ಇಟ್ಟು ಅವಳನ್ನು ಮೀಯಿಸುತ್ತೇವೆ, ನನ್ನೆರಿ ಮಾಡಿ ತಿನ್ನುತ್ತೇವೆ. ಭೂಮಿಗೆ ಕೊಡುವುದು ವಿಶ್ರಾಂತಿ ಮತ್ತು ಮರ್ಯಾದೆ. ಮಗಳಿಗೂ ಅಷ್ಟೇ ಕೊಡೋಣ ಅಂದರೆ ಎಷ್ಟೋ ಅಜ್ಜಿಯರು ಒಪ್ಪುತ್ತಾರೆ. ದೇವರ ಕೋಣೆಯ ವಿಷಯ ಅವರ ನಂಬಿಕೆಗೆ ಬಿಟ್ಟರೂ ಹಾಸಿಗೆ, ಊಟ, ಸ್ನಾನ, ಶಾಲೆ, ಪರೀಕ್ಷೆ ಈ ಐದನ್ನು ಬಿಟ್ಟುಕೊಡಬೇಡಿ.

ಊರಿಗೆಲ್ಲ ಹೇಳಿ ಆರತಿ ಮಾಡಿ ಕಾರ್ಯಕ್ರಮ ಇಡುವುದೂ ಉಂಟು. ಮಗುವಿಗೆ ಸಂತೋಷ ಇದ್ದರೆ ಮಾಡಿ. ಅವಳು ಬೇಡ ಅಂದರೆ ಬೇಡ. ಫೋಟೋ ಸ್ಟೇಟಸ್ಸಿಗೆ ಹಾಕುವುದಂತೂ ಅವಳ ಒಪ್ಪಿಗೆ ಇಲ್ಲದೆ ಖಂಡಿತ ಬೇಡ.

ಅಪ್ಪಂದಿರಿಗೆ ಒಂದು ಮಾತು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಅಪ್ಪಂದಿರು ಗಲ್ಫಿನಲ್ಲಿ ಇದ್ದಾರೆ, ವೀಡಿಯೋ ಕಾಲಿನಲ್ಲೇ ಮಗಳು ಬೆಳೆಯುತ್ತಾಳೆ. ವಿಷಯ ಗೊತ್ತಾದ ಮೇಲೆ ದೂರ ಸರಿಯಬೇಡಿ. "ಹುಷಾರಾಗಿದ್ದೀಯಾ, ಏನಾದರೂ ಬೇಕಾದರೆ ಹೇಳು" ಅಂದರೆ ಸಾಕು. ಅಂಗಡಿಯಿಂದ ಪ್ಯಾಡ್ ತರುವ ಅಪ್ಪನನ್ನು ನೋಡಿ ಬೆಳೆದ ಅಣ್ಣತಮ್ಮಂದಿರು ಕ್ಲಾಸಿನಲ್ಲಿ ಯಾವ ಹುಡುಗಿಯ ಕಲೆ ನೋಡಿಯೂ ನಗುವುದಿಲ್ಲ. ಗಂಡುಮಕ್ಕಳಿಗೂ ಇದನ್ನು ಹೇಳಿಕೊಡಿ.

ನೋವು, ಊಟ, ಮಾತ್ರೆ

ಮೊದಲ ಒಂದೆರಡು ವರ್ಷ ನೋವೇ ಇಲ್ಲದೆ ಆಮೇಲೆ ಶುರುವಾಗುವುದು ಉಂಟು. ಗರ್ಭಕೋಶ ಹಿಂಡಿಕೊಳ್ಳುವುದರಿಂದ ಬರುವ ನೋವು ಅದು. ಬಿಸಿನೀರಿನ ಬಾಟಲಿಗೆ ಬೈರಾಸು ಸುತ್ತಿ ಹೊಟ್ಟೆಯ ಮೇಲೆ ಇಟ್ಟರೆ ಹೆಚ್ಚಿನವರಿಗೆ ಕಮ್ಮಿಯಾಗುತ್ತದೆ. ಸ್ವಲ್ಪ ನಡೆದಾಡುವುದೂ ಒಳ್ಳೆಯದು, ಆಟ ಆಡಬಾರದು ಅಂತೇನಿಲ್ಲ. ನೋವಿನ ಮಾತ್ರೆಯನ್ನು ಡಾಕ್ಟರನ್ನು ಕೇಳಿ, ಊಟದ ನಂತರ ಕೊಡಿ. ಕೇರಳದ ವಿಶ್ವವಿದ್ಯಾಲಯಗಳಲ್ಲಿ 2023ರಿಂದ ಮುಟ್ಟಿನ ದಿನಗಳ ಲೆಕ್ಕಕ್ಕೆ ಹುಡುಗಿಯರಿಗೆ 75ರ ಬದಲು 73 ಶೇಕಡ ಹಾಜರಾತಿ ಸಾಕು. ಶಾಲೆಯ ಮಕ್ಕಳ ವಿಷಯ ಕ್ಲಾಸ್ ಟೀಚರ್ ಹತ್ತಿರ ನೀವೇ ಮಾತಾಡಿಕೊಳ್ಳಬೇಕು.

ರಕ್ತ ಕಮ್ಮಿ ಇರುವ ಮಕ್ಕಳು ನಮ್ಮಲ್ಲಿ ಜಾಸ್ತಿ. ಹನ್ನೆರಡು ದಾಟಿದ ಹುಡುಗಿಗೆ ಹಿಮೋಗ್ಲೋಬಿನ್ 12 ಇರಬೇಕು. ನುಗ್ಗೆ ಸೊಪ್ಪು, ಬಸಳೆ, ಹುರುಳಿ ಸಾರು, ಎಳ್ಳು ಬೆಲ್ಲ, ತಿನ್ನುವವರಿಗೆ ಬೂತಾಯಿ ಮೀನು, ಇದೆಲ್ಲ ಮನೆಯಲ್ಲೇ ಇರುವುದು. ಜೊತೆಗೆ ಲಿಂಬೆಯೋ ನೆಲ್ಲಿಕಾಯಿಯೋ ಇದ್ದರೆ ಕಬ್ಬಿಣದ ಅಂಶ ಚೆನ್ನಾಗಿ ಹಿಡಿಯುತ್ತದೆ, ಊಟದ ಜೊತೆ ಚಾ ಕುಡಿದರೆ ಸರಿಯಾಗಿ ಹಿಡಿಯುವುದಿಲ್ಲ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣದ ಅಂಶದ ನೀಲಿ ಮಾತ್ರೆಯನ್ನು ಮಕ್ಕಳು ಕಿಟಕಿಯಿಂದ ಎಸೆಯುತ್ತಾರೆ, ಮಲ ಕಪ್ಪಾಗುತ್ತದೆ ಅಂತ ಹೆದರಿ. ಕಪ್ಪಾಗುವುದು ಸಹಜ, ಊಟ ಮಾಡಿ ನುಂಗಿದರೆ ಹೊಟ್ಟೆ ತೊಳಸುವುದೂ ಕಮ್ಮಿ ಅಂತ ಹೇಳಿ. ವರ್ಷಕ್ಕೆ ಎರಡು ಸಲ ಹುಳದ ಮಾತ್ರೆಯೂ ತಪ್ಪಬಾರದು.

ಮೈ ಅವಳದ್ದು

ಇದೇ ಮಾತುಗಳ ನಡುವೆ ಸೇರಿಸಿ: ನಿನ್ನ ಮೈಯನ್ನು ನಿನಗೆ ಬೇಡ ಅನಿಸುವ ಹಾಗೆ ಯಾರೂ ಮುಟ್ಟಬಾರದು, ಮಾವನಾದರೂ, ಮಾಷ್ಟ್ರಾದರೂ. ಯಾರಾದರೂ ಫೋಟೋ ಕೇಳಿದರೆ, "ಯಾರಿಗೂ ಹೇಳಬೇಡ" ಅಂದರೆ, ಅದನ್ನೇ ಮೊದಲು ನನಗೆ ಹೇಳಬೇಕು, ನಾನು ಬೈಯುವುದಿಲ್ಲ. ಹೇಳಿದ ಮೇಲೆ ನಿಜವಾಗಿಯೂ ಬೈಯಬೇಡಿ. 1098 ಮಕ್ಕಳ ಸಹಾಯವಾಣಿ, ಈ ನಂಬರ್ ಅವಳಿಗೆ ಬಾಯಿಪಾಠ ಬರಲಿ. ಸಿಟ್ಟು, ಸುಮ್ನೆ ಅಳು, ಬಾಗಿಲು ಹಾಕಿಕೊಂಡು ಕೂರುವುದು, ಇವು ಈ ವಯಸ್ಸಿನಲ್ಲಿ ಇರುವುದೇ. ವಾರಗಟ್ಟಲೆ ಊಟ, ನಿದ್ದೆ, ಗೆಳತಿಯರು ಎಲ್ಲ ಬಿಟ್ಟಿದ್ದರೆ ಮಾತ್ರ ಶಾಲೆಯ ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋಗಿ.

ಬುದ್ಧಿ ಬೆಳವಣಿಗೆ ನಿಧಾನವಾಗಿರುವ ಹೆಣ್ಣುಮಕ್ಕಳ ಅಮ್ಮಂದಿರಿಗೆ ಈ ಚಿಂತೆ ಎರಡು ಪಟ್ಟು. ಎಂಡೋಸಲ್ಫಾನ್ ಕೀಟನಾಶಕದಿಂದ ತೊಂದರೆಯಾದ ಊರುಗಳಲ್ಲಿ, ಎಣ್ಮಕಜೆಯ ಆಚೀಚೆ, ಇಂಥ ಮನೆಗಳು ಎಷ್ಟು ಇವೆ ಅಂತ ನಮಗೆಲ್ಲ ಗೊತ್ತು. ಅವರಿಗೂ ಕಲಿಸಬಹುದು, ಸಮಯ ಜಾಸ್ತಿ ಬೇಕು ಅಷ್ಟೇ. ಮುಟ್ಟು ಬರುವ ಮೊದಲೇ ದಿನಕ್ಕೆ ಸ್ವಲ್ಪ ಹೊತ್ತು ಪ್ಯಾಡ್ ಹಾಕಿ ಅಭ್ಯಾಸ ಮಾಡಿಸಿ. ಚಡ್ಡಿಯಲ್ಲಿ ಪ್ಯಾಡ್ ಕೂರಬೇಕಾದ ಜಾಗಕ್ಕೆ ದಾರದಲ್ಲಿ ಗುರುತು ಹೊಲಿಯಿರಿ. ಬದಲಿಸುವುದು ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಬಚ್ಚಲಿನ ಬಾಗಿಲು ಹಾಕಿ, ಪ್ರತಿ ಸಲ ಅದೇ ಮಾತು ಹೇಳಿ. ಇಂಥ ಮಕ್ಕಳಿಗಾಗಿಯೇ ಇರುವ ಬಡ್ಸ್ ಶಾಲೆಗೆ ಹೋಗುವ ಮಗುವಾದರೆ ಅಲ್ಲಿಯ ಟೀಚರೂ ಅದೇ ಕ್ರಮದಲ್ಲಿ ಮಾಡಲಿ ಅಂತ ಕೇಳಿಕೊಳ್ಳಿ. ಗರ್ಭಕೋಶ ತೆಗೆಸಿಬಿಡಿ ಅಂತ ಸುಲಭವಾಗಿ ಸಲಹೆ ಕೊಡುವವರ ಮಾತಿಗೆ ಕಿವಿ ಕೊಡಬೇಡಿ.

ಡಾಕ್ಟರಿಗೆ ತೋರಿಸಬೇಕಾದದ್ದು ಯಾವಾಗ

ಎಂಟು ವರ್ಷಕ್ಕೆ ಮೊದಲೇ ಎದೆ ಬೆಳೆಯತೊಡಗಿದರೆ, 13 ಆದರೂ ಎದೆಯ ಬೆಳವಣಿಗೆಯೇ ಕಾಣದಿದ್ದರೆ, 15 ಆದರೂ ಮುಟ್ಟು ಬಾರದಿದ್ದರೆ. ಒಮ್ಮೆ ಶುರುವಾದ ಮೇಲೆ ಏಳು ದಿನ ದಾಟಿಯೂ ಹೋಗುತ್ತಿದ್ದರೆ, ಗಂಟೆಗೊಮ್ಮೆ, ಎರಡು ಗಂಟೆಗೊಮ್ಮೆ ಪ್ಯಾಡ್ ಪೂರ್ತಿ ಒದ್ದೆಯಾಗುತ್ತಿದ್ದರೆ, ಮೂರು ತಿಂಗಳು ಬಾರದೇ ಇದ್ದರೆ, ನೋವಿನಿಂದ ಪ್ರತಿ ಸಲ ಶಾಲೆ ತಪ್ಪುತ್ತಿದ್ದರೆ. ಇದಕ್ಕೆ ನೇರ ಮಂಗಳೂರಿಗೆ ಓಡಬೇಕಾಗಿಲ್ಲ. ಮೊದಲು ನಿಮ್ಮ ಪಂಚಾಯತಿನ ಕುಟುಂಬಾರೋಗ್ಯ ಕೇಂದ್ರಕ್ಕೆ ಹೋಗಿ, ಬೇಕಾದರೆ ಅವರೇ ಕಾಸರಗೋಡಿನ ಜನರಲ್ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಫೋನಿನಲ್ಲಿ ಕೇಳುವುದಾದರೆ ಕೇರಳದ ಆರೋಗ್ಯ ಸಹಾಯವಾಣಿ ದಿಶಾ, ನಂಬರ್ 1056. ಹೋಗುವಾಗ ಚುಕ್ಕಿ ಹಾಕಿದ ಕ್ಯಾಲೆಂಡರಿನ ಹಾಳೆ ಜೊತೆಗಿರಲಿ, ಮತ್ತು ಡಾಕ್ಟರ್ ಕೇಳಿದ್ದಕ್ಕೆ ಉತ್ತರ ಮಗಳೇ ಹೇಳಲಿ.